ಇಕಿ ಯಾರು? ಹಳೆಯ ಫೋಟೋಗಳಿಗೆ ಹೆಸರು ಬರೆದಿಡುವ ಬಗೆ

ದಸರೆ ಹತ್ತಿರ ಬಂತೆಂದರೆ ನಮ್ಮ ಚಿಕ್ಕೋಡಿ ಕಡೆ ಮನೆಮನೆಯಲ್ಲೂ ಸಾರಿಸುವ, ತೊಳೆಯುವ ಗದ್ದಲ. ಹಾಸಿಗೆ ಹೊದಿಕೆಗಳು ಹೊಳೆಗೆ ಹೋಗುತ್ತವೆ, ಹಿತ್ತಾಳೆ ಹಂಡೆಗಳು ಹುಣಸೆಹಣ್ಣು ಕಾಣುತ್ತವೆ, ಗೋಡೆಯ ಮೇಲಿನ ಫೋಟೋಗಳು ಕೆಳಗಿಳಿಯುತ್ತವೆ. ಟ್ರಂಕಿನ ತಳದಿಂದ ಹಳೇ ಫೋಟೋಗಳ ಗಂಟು ಹೊರಬೀಳುವುದೂ ಆಗಲೇ. ಮಕ್ಕಳು ಸುತ್ತ ಕೂತು ಒಂದೊಂದೇ ಕೇಳುತ್ತಾರೆ.

"ಈ ರುಮಾಲಿನವರು ಯಾರು?"

"ಅವರಾ? ನಿಮ್ಮ ಮುತ್ಯಾನ ಅಪ್ಪ. ಗೌಡಕಿ ಮಾಡತಿದ್ದರು."

"ಮತ್ತ ಬಾಜೂಕ ಕುಂತಾಕಿ? ಇಕಿ ಯಾರು?"

"ಯಾರೋ ಏನೋವಾ, ಅವರ ಹೇಣ್ತಿ ಇರಬೇಕು, ಇಲ್ಲಾ ತಂಗಿ ಇರಬೇಕು."

ಈ ಮಾತು ಯಾವ ಮನೆಯಲ್ಲಿ ಆಡಿಲ್ಲ ಹೇಳಿ? ಗಂಡಸರ ಹೆಸರು ಹೇಗೋ ಉಳಿಯುತ್ತದೆ. ಹೊಲದ ಉತಾರದಲ್ಲಿದೆ, ಮಕ್ಕಳ ಹೆಸರಿನ ಮುಂದಿದೆ, ಗುಡಿಯ ಮೆಟ್ಟಿಲಿನ ಕಲ್ಲಿನ ಮೇಲೂ ಇದೆ. ಹೆಂಗಸಿಗೆ ಇದ್ದದ್ದು ಆ ಒಂದು ಫೋಟೋ. ಅದರ ಹಿಂದೆ ಹೆಸರಿಲ್ಲದಿದ್ದರೆ, ಗುರುತಿಸುವ ಕೊನೆಯ ಮುದುಕಿ ತೀರಿಕೊಂಡ ದಿನ ಆಕೆಯೂ ಎರಡನೇ ಸಲ ಹೋದಂತೆ. ಇಷ್ಟು ದೊಡ್ಡ ನಷ್ಟ ತಪ್ಪಿಸಲಿಕ್ಕೆ ಬೇಕಾದದ್ದು ಒಂದು ಪೆನ್ಸಿಲ್ಲು, ಒಂದು ನೋಟುಬುಕ್ಕು, ಮಧ್ಯಾಹ್ನದ ಒಂದೆರಡು ತಾಸು. ಆದರೆ ಏನು ಬರೆಯಬೇಕು, ಯಾವುದರಿಂದ ಬರೆಯಬೇಕು ಎಂಬುದನ್ನು ಸ್ವಲ್ಪ ತಿಳಿದುಕೊಂಡು ಕೂತರೆ ಒಳ್ಳೆಯದು. ಹೆಸರು ಉಳಿಸಲು ಹೋಗಿ ಫೋಟೋ ಕೆಡಿಸಿದ ಮನೆಗಳೂ ಕಡಿಮೆಯಿಲ್ಲ.

ಏನು ಬರೆಯಬೇಕು

ನಮ್ಮ ಗಡಿ ಭಾಗದಲ್ಲಿ ಮದುವೆಯಾದ ಹೆಣ್ಣಿಗೆ ಹೆಸರು ಬದಲಿಸುವ ರೂಢಿ ಬಹಳ ಮನೆಗಳಲ್ಲಿತ್ತು. ತವರಿನ ಗಂಗವ್ವ ಅತ್ತೆಮನೆಯಲ್ಲಿ ಲಕ್ಷ್ಮೀಬಾಯಿ. ತವರಿನ ಕಪಾಟಿನಲ್ಲಿರುವ ಫೋಟೋಕ್ಕೂ ಅತ್ತೆಮನೆಯ ಗೋಡೆಯ ಫೋಟೋಕ್ಕೂ ಇದರಿಂದ ಸಂಬಂಧವೇ ಕಡಿದುಹೋಗುತ್ತದೆ. ಆದ್ದರಿಂದ ಎರಡೂ ಹೆಸರು ಬರೆಯಬೇಕು, ತವರೂರು ಬರೆಯಬೇಕು, ಆಮೇಲೆ ಗಂಡನ ಹೆಸರು. "ಪಾಟೀಲರ ಮನೆಯವರು" ಎಂದು ಬರೆದರೆ ನಾಳೆ ಯಾರಿಗೂ ಏನೂ ತಿಳಿಯುವುದಿಲ್ಲ. ಈ ಸೀಮೆಯಲ್ಲಿ ಪಾಟೀಲರು ಎಷ್ಟು ಮಂದಿ!

ಸಂಬಂಧದ ಹೆಸರನ್ನು ಮಾತ್ರ ಬರೆಯುವುದೂ ಹೀಗೇ ಮೋಸ. ಅಥಣಿ ಕಡೆಯ ಎಷ್ಟೋ ಕನ್ನಡದ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ನಿಪ್ಪಾಣಿಯ ಮರಾಠಿ ಮಾತಿನ ಮನೆಯಲ್ಲಿ ಆಯಿ ಎಂದರೆ ತಾಯಿ. ತುಂಬಿದ ಮನೆಗಳಲ್ಲಿ ಮೈದುನರು ಕರೆಯುವುದನ್ನು ಕೇಳಿ ಕೇಳಿ ಹೆತ್ತ ತಾಯಿಯನ್ನೇ ವೈನಿ ಎನ್ನುವ ಮಕ್ಕಳನ್ನು ನೀವೂ ನೋಡಿರಬೇಕು. "ಆಯಿ, ವೈನಿ ಮತ್ತು ಕಾಕಾ" ಎಂದು ಬರೆದಿಟ್ಟ ಫೋಟೋ ಮೂವತ್ತು ವರ್ಷದ ಮೇಲೆ ಒಗಟು. ಯಾರ ಆಯಿ? ಯಾರಿಗೆ ವೈನಿ? ಹೆಸರು ಮೊದಲು ಬರಲಿ, ಸಂಬಂಧ ಆಮೇಲೆ.

ಊರಿನ ವಿಚಾರ ನಮ್ಮಲ್ಲಿ ಇನ್ನೂ ಗೋಜಲು. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿಗೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯ. ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ರಾಯಬಾಗ ಸ್ವಾತಂತ್ರ್ಯ ಬಂದ ಮೇಲೂ ಕೆಲವು ಕಾಲ, 1949ರಲ್ಲಿ ಸಂಸ್ಥಾನ ವಿಲೀನವಾಗುವ ತನಕ, ಕೊಲ್ಲಾಪುರಕ್ಕೆ ಸೇರಿತ್ತು. ನಿಪ್ಪಾಣಿ ಚಿಕ್ಕೋಡಿ ತಾಲೂಕಿನಲ್ಲಿತ್ತು, ಕಾಗವಾಡ ಅಥಣಿ ತಾಲೂಕಿನಲ್ಲಿತ್ತು. 2018ರಲ್ಲಿ ಎರಡೂ ಬೇರೆ ತಾಲೂಕುಗಳಾದವು. ಜಿಲ್ಲೆಯ ಹೆಸರೇ 2014ರಲ್ಲಿ ಬೆಳಗಾಂವ ಹೋಗಿ ಬೆಳಗಾವಿ ಆಯಿತು. ಹೀಗಾಗಿ ಹಳೇ ಬರವಣಿಗೆಯಲ್ಲಿ "ಕೊಲ್ಲಾಪುರ ಸಂಸ್ಥಾನ" ಎಂದು ಕಂಡರೆ ತಪ್ಪೆಂದು ಅಳಿಸಬೇಡಿ. ಅದರ ಕೆಳಗೆ "ಈಗಿನ ರಾಯಬಾಗ ತಾಲೂಕು, ಬೆಳಗಾವಿ ಜಿಲ್ಲೆ" ಎಂದು ಸೇರಿಸಿದರೆ ಸಾಕು.

ವರ್ಷಕ್ಕೂ ಇದೇ ನಿಯಮ. ಹಿಂದಿನವರು ಇಸವಿ ಬರೆಯುತ್ತಿದ್ದದ್ದು ಕಡಿಮೆ, ಶಕೆ ಬರೆಯುತ್ತಿದ್ದರು, ಇಲ್ಲವೇ ಸಂವತ್ಸರ. ಶಕೆಗೆ 78 ಕೂಡಿಸಿದರೆ ಇಸವಿ ಬರುತ್ತದೆ. ಪುಷ್ಯ, ಮಾಘ, ಫಾಲ್ಗುಣಗಳಾದರೆ ಸಾಮಾನ್ಯವಾಗಿ 79. ಶಕೆ 1865, ಸ್ವಭಾನು ಸಂವತ್ಸರ ಎಂದಿದ್ದರೆ ಅದು 1943ರ ಯುಗಾದಿಯಿಂದ 1944ರ ಯುಗಾದಿಯ ತನಕದ ಮಾತು. ಬರೀ ಸಂವತ್ಸರದ ಹೆಸರಿದ್ದರೆ ಅವಸರ ಬೇಡ, ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಸ್ವಭಾನು 1883ರಲ್ಲೂ ಇತ್ತು, 2003ರಲ್ಲೂ ಬಂತು. ಏನೂ ಬರೆದಿರದಿದ್ದರೆ ಸುತ್ತಿನ ಸಂಗತಿಯಿಂದ ಹಿಡಿಯಬೇಕು: "ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ತೆಗೆಸಿದ್ದು, ಹಿರಿಮಗ ಹುಟ್ಟುವ ಮೊದಲು" ಎಂಬಷ್ಟು ಸಿಕ್ಕರೂ ಬರೆಯಿರಿ. ಊಹೆಯಾದರೆ "ಸುಮಾರು" ಎಂಬ ಮಾತನ್ನು ಬಿಡಬೇಡಿ.

ಕೆಲವು ಫೋಟೋಗಳ ಹಿಂದೆ ಮರಾಠಿ ಇರುತ್ತದೆ, ಅದೂ ತಂತಿ ಎಳೆದಂತೆ ಒಂದಕ್ಕೊಂದು ಕೂಡಿದ ಅಕ್ಷರಗಳಲ್ಲಿ. ಅದು ಮೋಡಿ ಲಿಪಿ. ಹಿಂದೆ ಕುಲಕರ್ಣಿಗಳ ದಫ್ತರವೂ ಎಷ್ಟೋ ಕಡೆ ಅದರಲ್ಲಿ ಇರುತ್ತಿತ್ತು. ನಮಗೆ ಓದಲು ಬಾರದು ಎಂದು ಅದರ ಮೇಲೆ ಕಾಗದ ಅಂಟಿಸುವುದಾಗಲಿ, ನಮ್ಮ ಅಕ್ಷರ ಬರೆಯುವುದಾಗಲಿ ಕೂಡದು. ಸ್ಟುಡಿಯೋದವರ ಮುದ್ರೆಗೂ ಇದೇ ಮರ್ಯಾದೆ. ಮೀರಜದ ಮುದ್ರೆಯೋ ಬೆಳಗಾವಿಯದೋ ಎಂಬುದರಿಂದಲೇ ಫೋಟೋ ತವರಿನ ಕಡೆಯದೋ ಗಂಡನ ಕಡೆಯದೋ ತಿಳಿಯುವುದುಂಟು. ಮೀರಜದಿಂದ ಬೆಳಗಾವಿಗೆ ಹೋಗುವ ರೈಲು ಶೇಡಬಾಳ, ಉಗಾರ, ಕುಡಚಿ, ರಾಯಬಾಗ ಮುಟ್ಟಿಯೇ ಹೋಗುವುದು. ಫೋಟೋ ತೆಗೆಸಲು ಜನ ಆ ರೈಲಿಗೇ ಹತ್ತುತ್ತಿದ್ದರು.

ಯಾರನ್ನು ಕೇಳಬೇಕು

ಅಣ್ಣತಮ್ಮಂದಿರನ್ನು ಕೇಳಿ ಪ್ರಯೋಜನ ಕಡಿಮೆ. ನಾನು ಕಂಡಂತೆ ಗಂಡಸರಿಗೆ ಹೊಲದ ಗಡಿ ನೆನಪಿರುತ್ತದೆ, ಅತ್ತೆಯ ತಂಗಿಯ ಮುಖ ನೆನಪಿರುವುದಿಲ್ಲ. ಕೇಳಬೇಕಾದವರು ಮನೆಯ ಹೆಣ್ಣುಮಕ್ಕಳು. ಪಂಚಮಿಗೆ ತವರಿಗೆ ಬಂದ ಅತ್ತೆಯರು, ದೊಡ್ಡವ್ವ ಚಿಗವ್ವಂದಿರು ಉಂಡಿ ಕಟ್ಟುತ್ತಾ ಕೂತಾಗ ಮಾತಿನ ನಡುವೆ ಕೇಳಿ. ಉಂಡಿಯ ತುಪ್ಪದ ಕೈಗೆ ಮಾತ್ರ ಫೋಟೋ ಕೊಡಬೇಡಿ. ನೀವೇ ಅಂಚು ಹಿಡಿದು ತೋರಿಸಿ, ಅಥವಾ ಮೊದಲೇ ಮೊಬೈಲಿನಲ್ಲಿ ತೆಗೆದಿಟ್ಟು ದೊಡ್ಡದು ಮಾಡಿ ತೋರಿಸಿ. ಕಣ್ಣು ಮಂಜಾದವರಿಗೆ ಅದೇ ಅನುಕೂಲ.

ಶ್ರಾವಣದ ತೇವದಲ್ಲಿ ಫೋಟೋಗಳ ಮೇಲೆ ಕೈಯಾಡಿಸುವುದು ಬೇಡ. ಆಗ ಕೇಳಿದ್ದನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಹವೆ ಒಣಗಿದ ಮೇಲೆ, ದಸರೆ ದೀಪಾವಳಿಯ ಹೊತ್ತಿಗೆ ಫೋಟೋಗೆ ಬರೆದರಾಯಿತು. ಯಾರು ಹೇಳಿದರು, ಯಾವ ವರ್ಷ ಹೇಳಿದರು ಎಂಬುದನ್ನೂ ನೋಟುಬುಕ್ಕಿನಲ್ಲಿ ಗುರುತು ಹಾಕಿ. ಇಬ್ಬರು ಎರಡು ಹೆಸರು ಹೇಳಿದರೆ ಜಗಳ ಬಿಡಿಸಲು ಹೋಗದೆ ಎರಡನ್ನೂ ಬರೆಯಿರಿ.

ನಿಪ್ಪಾಣಿಯ ಸೋದರಿಯರಿಗೆ ಒಂದು ಮಾತು. ಅಲ್ಲಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರ ಬಗ್ಗೆ 1982ರಲ್ಲಿ ಯುಗಾಂತರ್ ಎಂಬ ಮಹಿಳಾ ತಂಡದವರು "ತಂಬಾಕು ಚಾಕಿಲಾ ಊಬ್ ಆಲಿ" ಎಂಬ ಸಾಕ್ಷ್ಯಚಿತ್ರ ತೆಗೆದರು. ಅದರ ಹಿಂದಿನ ವರ್ಷವೇ, 1981ರಲ್ಲಿ, ತಂಬಾಕು ಬೆಳೆಗಾರರ ದೊಡ್ಡ ಚಳವಳಿ ಅಲ್ಲಿ ನಡೆದಿತ್ತು. ಆ ಕಾಲದ ಮೋರ್ಚಾದ ಫೋಟೋವೋ, ಬೀಡಿ ಕಟ್ಟುವ ಗುಂಪಿನ ಫೋಟೋವೋ ನಿಮ್ಮ ಮನೆಯಲ್ಲಿದ್ದರೆ ಅದು ಬರೀ ಮನೆಯ ಆಸ್ತಿಯಲ್ಲ. ಅಂದು ಇಪ್ಪತ್ತರ ಹರೆಯದಲ್ಲಿದ್ದವರು ಈಗ ಅರವತ್ತು ದಾಟಿದ್ದಾರೆ, ಹೆಸರು ಹೇಳಬಲ್ಲರು. ಈಗಲೇ ಕೇಳಿ.

ಯಾವುದರಿಂದ ಬರೆಯಬೇಕು

ಹಳೇ ಕಪ್ಪು ಬಿಳುಪು ಫೋಟೋ ಎಂದರೆ ಒಂದು ಕಾಗದ, ಅದರ ಮೇಲೆ ಜೆಲಟಿನ್ ಎಂಬ ಅಂಟಿನ ತೆಳು ಪದರ, ಆ ಪದರದಲ್ಲಿ ಬೆಳ್ಳಿಯ ಅತಿ ಸಣ್ಣ ಕಣಗಳು. ಚಿತ್ರ ಕಾಣುವುದು ಆ ಬೆಳ್ಳಿಯಿಂದ. ಜೆಲಟಿನ್ ನೀರು ಕುಡಿದರೆ ಉಬ್ಬುತ್ತದೆ, ಅಂಟುತ್ತದೆ. ಹುಳಕ್ಕೆ ಅದು ಊಟ. ಬೆಳ್ಳಿಯೋ, ನಿಮ್ಮ ಕಾಲುಚೈನಿನಂತೆಯೇ ಗಂಧಕದ ಗಾಳಿಗೆ ಕಪ್ಪಾಗುತ್ತದೆ. ಇಷ್ಟು ತಿಳಿದರೆ ಮುಂದಿನ ಎಲ್ಲ ಎಚ್ಚರಿಕೆಗಳ ಕಾರಣ ತಾನೇ ಹೊಳೆಯುತ್ತದೆ.

ಬಾಲ್ ಪೆನ್ನು ಬೇಡವೇ ಬೇಡ. ಒತ್ತಿ ಬರೆದ ಗೆರೆ ಮುಂದಿನ ಮುಖದ ಮೇಲೆ ಉಬ್ಬಿ ಕಾಣುತ್ತದೆ, ಎಣ್ಣೆಯ ಶಾಯಿ ವರ್ಷಗಳ ಮೇಲೆ ಹರಡಿ ಕೆಳಗಿನ ಫೋಟೋಕ್ಕೂ ಹತ್ತುತ್ತದೆ. ಸ್ಕೆಚ್ ಪೆನ್ನು ಇನ್ನೂ ಕೆಟ್ಟದ್ದು, ಕಾಗದದೊಳಗೇ ಇಳಿಯುತ್ತದೆ. ಮಸಿ ಪೆನ್ನಿನ ಅಕ್ಷರ ಅಂದವಾದರೂ ನೀರು ಬಿದ್ದರೆ ತೊಳೆದುಹೋಗುತ್ತದೆ. ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ದಂಡೆಯ ಮನೆಗಳಿಗೆ ನುಗ್ಗಿದ್ದನ್ನು ಈ ಐದೂ ತಾಲೂಕಿನವರು ಕಂಡಿದ್ದಾರೆ.

ಪೆನ್ಸಿಲ್ ನೀರಿಗೆ ಕರಗುವುದಿಲ್ಲ. ಅದರ ಕಪ್ಪು ಒಂದು ಬಗೆಯ ಇಂಗಾಲ, ಬಿಸಿಲಿಗೂ ಮಾಸುವುದಿಲ್ಲ. ಶಾಲೆಯ ಗಟ್ಟಿ ಪೆನ್ಸಿಲ್ ಅಲ್ಲ, ಚಿತ್ರ ಬರೆಯುವ ಮಕ್ಕಳು ಕೊಳ್ಳುವ ಮೆತ್ತನೆಯ 4ಬಿ ಅಥವಾ 6ಬಿ ಬೇಕು; ಪುಸ್ತಕದ ಅಂಗಡಿಯಲ್ಲಿ ಸಿಗುತ್ತದೆ. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಗಾಜಿನಂಥ ಗಟ್ಟಿ ನುಣುಪಿನ ಹಲಗೆಯಿಟ್ಟು, ಫೋಟೋ ಬೋರಲು ಹಾಕಿ, ಹಿಂಬದಿಯ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಮುಖ ಬರುವ ಜಾಗದ ಹಿಂದೆ ಬರೆಯಬಾರದು. ಪೆನ್ಸಿಲ್ ತಾನಾಗಿ ಮೂಡದಿದ್ದರೆ ಒತ್ತಬೇಡಿ. ಮೂಡದೇ ಇರುವುದಕ್ಕೆ ಬೇರೆ ಕಾರಣವಿದೆ.

1970ರ ದಶಕದಿಂದ ಈಚಿನ ಫೋಟೋಗಳು, ಅದರಲ್ಲೂ ಬಣ್ಣದವು, ಪ್ಲಾಸ್ಟಿಕ್ ಲೇಪದ ಕಾಗದದ ಮೇಲೆ ಬಂದವು. ಹಿಂಬದಿ ಮುಟ್ಟಿದರೆ ಕಾಗದದಂತೆ ಒರಟಿಲ್ಲ, ಜಾರುತ್ತದೆ. ಅದರ ಮೇಲೆ ಪೆನ್ಸಿಲ್ ಹತ್ತುವುದಿಲ್ಲ, ಸಾದಾ ಪೆನ್ನಿನ ಶಾಯಿ ಆರುವುದಿಲ್ಲ. ಇಂಥವಕ್ಕೆ ಫೋಟೋದ ಮೇಲೆ ಏನೂ ಬರೆಯದಿರುವುದೇ ಸುಖ. ಕಾಗದದ ಲಕೋಟೆಯ ಮೇಲೆ ಪೆನ್ಸಿಲ್ಲಿನಿಂದ ಎಲ್ಲ ವಿವರ ಮೊದಲು ಬರೆದು, ಆಮೇಲೆ ಫೋಟೋವನ್ನು ಅದರೊಳಗೆ ಇಡಿ. ಒಳಗಿಟ್ಟು ಬರೆದರೆ ಒತ್ತು ಬೀಳುತ್ತದೆ. ಲಕೋಟೆಗೆ ಆ್ಯಸಿಡ್ ಇಲ್ಲದ ಕಾಗದ ಒಳ್ಳೆಯದು. ಊರಲ್ಲಿ ಸಿಗದಿದ್ದರೆ ಅಂಚೆಯಲ್ಲಿ ತರಿಸಬಹುದು. ವರ್ತಮಾನ ಪತ್ರಿಕೆಯಲ್ಲಿ ಸುತ್ತುವುದು ಮಾತ್ರ ಬೇಡ. ಅದು ಹಳದಿಯಾಗುವುದು ತನ್ನೊಳಗಿನ ಆಮ್ಲದಿಂದಲೂ ಹೌದು. ಆ ಆಮ್ಲ ಫೋಟೋಕ್ಕೂ ತಾಗುತ್ತದೆ.

ಸೆಲೋಟೇಪು, ಗೋಂದು, ಸ್ಟೇಪಲ್ ಪಿನ್ನು, ಗುಂಡುಸೂಜಿ ಯಾವುದನ್ನೂ ಫೋಟೋ ಹತ್ತಿರ ತರಬೇಡಿ. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿರುತ್ತದೆ, ಬೆಳ್ಳಿಗೆ ಅದು ವಿಷ. ಸೀರೆಗೆ ಹಾಕುವ ಡಾಂಬರ ಗುಳಿಗೆಯನ್ನು ಫೋಟೋ ಪೆಟ್ಟಿಗೆಗೆ ಹಾಕಬಾರದು. ಘಾಟು ವಾಸನೆಯ ಮೆತ್ತನೆ ಪ್ಲಾಸ್ಟಿಕ್ ಚೀಲಗಳೂ ಬೇಡ.

ಒಂದೇ ಫೋಟೋದಲ್ಲಿ ಇಪ್ಪತ್ತು ಮಂದಿ ಇದ್ದರೆ? ಮದುವೆ ಮನೆಯ ಫೋಟೋ ಎಂದರೆ ಹಾಗೇ. ಹಿಂದೆ ಅಷ್ಟು ಬರೆಯಲು ಜಾಗವಿಲ್ಲ. ಮುಖದ ಮೇಲೆ ಅಂಕಿ ಹಾಕುವುದಂತೂ ಮಹಾ ಅನ್ಯಾಯ. ಅಂಗಡಿಯಲ್ಲಿ ಒಂದು ಝೆರಾಕ್ಸ್ ಮಾಡಿಸಿ. ಆ ಪ್ರತಿಯ ಮೇಲೆ ಒಬ್ಬೊಬ್ಬರಿಗೂ ಅಂಕಿ ಕೊಟ್ಟು, ಕೆಳಗೆ ಅಂಕಿಯ ಮುಂದೆ ಹೆಸರು ಬರೆಯಿರಿ. ತೊಡೆಯ ಮೇಲಿನ ಕೂಸಿಗೂ ಅಂಕಿ ಕೊಡಿ, ಬಾಗಿಲ ಮರೆಯಲ್ಲಿ ಅರ್ಧ ಮುಖ ಕಾಣುವ ಹೆಂಗಸಿಗೂ ಕೊಡಿ. "ಎಡದಿಂದ" ಎಂದು ಬರೆಯುವವರು ನೋಡುವವರ ಎಡವೋ ಕೂತವರ ಎಡವೋ ಸ್ಪಷ್ಟ ಮಾಡಬೇಕು. ಅಂಕಿ ಹಾಕಿದರೆ ಆ ತಕರಾರೇ ಇಲ್ಲ.

ಕಪ್ಪು ಹಾಳೆಯ ಹಳೇ ಅಲ್ಬಮ್ಮುಗಳಲ್ಲಿ ಫೋಟೋದ ಕೆಳಗೆ ಬಿಳಿ ಬಣ್ಣದ ಪೆನ್ಸಿಲ್ಲಿನಿಂದ ಹಾಳೆಯ ಮೇಲೇ ಬರೆಯಬಹುದು. ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಅಲ್ಬಮ್ಮುಗಳು 80, 90ರ ಮದುವೆಗಳಲ್ಲಿ ಬಹಳ ಬಂದವು. ಅವುಗಳ ಅಂಟು ಹಳದಿಯಾಗಿ ಫೋಟೋ ಕಚ್ಚಿಕೊಳ್ಳುತ್ತದೆ. ಸುಲಭವಾಗಿ ಎದ್ದು ಬಂದರೆ ಬಿಡಿಸಿ, ಬಾರದಿದ್ದರೆ ಎಳೆಯದೆ ಹಾಗೇ ಹಾಳೆಸಮೇತ ಮೊಬೈಲಿನಲ್ಲಿ ತೆಗೆದಿಡಿ.

ಗೋಡೆಯ ಫೋಟೋ, ಹೊಳೆಯ ನೀರು

ಹಿರಿಯರ ಫೋಟೋಗೆ ಹಾರ ಹಾಕಿ ಕುಂಕುಮ ಇಡುವುದು ನಮ್ಮ ಪದ್ಧತಿ. ಗಾಜಿನ ಮೇಲಾದರೆ ತೊಂದರೆಯಿಲ್ಲ. ಆದರೆ ಹಸಿ ಹೂವಿನ ನೀರು, ಗಾಜು ಒರೆಸಿದ ಒದ್ದೆ ಬಟ್ಟೆಯ ನೀರು ಕೆಳಗಿನ ಪಟ್ಟಿಯೊಳಗೆ ಇಳಿದು ಫೋಟೋದ ಬುಡ ಕೊಳೆಯುತ್ತದೆ. ಬಟ್ಟೆ ಬರೀ ಪಸೆಯಿದ್ದರೆ ಸಾಕು, ನೀರು ಇಳಿಯಬಾರದು. ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬಾರದು. ಜೆಲಟಿನ್ ಗಾಜಿನ ಮೇಲೇ ಉಳಿದು ಮುಖವೇ ಹೋಗುತ್ತದೆ. ಗಾಜಿನ ಮೂಲಕವೇ ಒಂದು ಪ್ರತಿ ತೆಗೆಸಿ, ಮೂಲವನ್ನು ಹಾಗೇ ಇಡಿ. ಹೆಸರನ್ನು ಚೌಕಟ್ಟಿನ ಹಿಂದಿನ ರಟ್ಟಿನ ಮೇಲೆ ಬರೆದವರು, ಚೌಕಟ್ಟು ಬದಲಿಸುವಾಗ ಆ ರಟ್ಟನ್ನು ಅಂಗಡಿಯಲ್ಲಿ ಬಿಟ್ಟು ಬರಬಾರದು.

ಹೊಳೆದಂಡೆಯ ಊರಿನವರು ಮಳೆಗಾಲಕ್ಕೆ ಮುಂಚೆ ಫೋಟೋ ಪೆಟ್ಟಿಗೆಯನ್ನು ನೆಲದಿಂದ ಮೇಲೆ, ಒಳಗೋಡೆಯ ಎತ್ತರದ ಮಾಡಕ್ಕೆ ಏರಿಸಿಡಿ. ತಗಡಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಅಲ್ಲಿ ವರ್ಷವಿಡೀ ಬೇಡ. ಊರು ಬಿಡಬೇಕಾಗಿ ಬಂದರೆ ಕಾಗದಪತ್ರದ ಚೀಲದೊಂದಿಗೆ ಅದೂ ಬರಲಿ.

ಆದರೂ ನೀರು ಹೊಕ್ಕಿತೆನ್ನಿ. ಒದ್ದೆ ಫೋಟೋಗಳ ಗಂಟು ಒಟ್ಟಿಗೇ ಒಣಗಲು ಬಿಟ್ಟರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಮತ್ತೆ ಬಿಡಿಸಲಾಗದು. ಒದ್ದೆಯಿರುವಾಗಲೇ, ಎರಡು ದಿನದೊಳಗೆ, ಶುದ್ಧ ತಣ್ಣೀರಿನ ಪರಾತದಲ್ಲಿ ನೆನೆಸಿಟ್ಟು ಒಂದೊಂದಾಗಿ ಬಿಡಿಸಿ. ಕೆಸರನ್ನು ನೀರಿನಲ್ಲೇ ಅಲುಗಿಸಿ ಬಿಡಿಸಬೇಕು, ಮುಖದ ಮೇಲೆ ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ತಿಕ್ಕಬಾರದು. ಆಮೇಲೆ ನೆರಳಿನಲ್ಲಿ ಬಟ್ಟೆಯ ಮೇಲೆ ಚಿತ್ರ ಮೇಲಾಗಿ ಹರವಿ, ಇಲ್ಲವೇ ತುದಿಗೆ ಕ್ಲಿಪ್ಪು ಹಾಕಿ ಹಗ್ಗಕ್ಕೆ ತೂಗುಬಿಡಿ. ಬಿಸಿಲು ಬೇಡ, ಇಸ್ತ್ರಿ ಪೆಟ್ಟಿಗೆ ಬೇಡ. ಎರಡು ದಿನದಲ್ಲಿ ಆಗದ ಮಾತಾದರೆ ನಡುನಡುವೆ ಬಟರ್ ಪೇಪರ್ ಇಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಯಾರದಾದರೂ ಮನೆಯ ಫ್ರಿಜ್ಜಿನ ಬರ್ಫದ ಖಾನೆಯಲ್ಲಿಡಬಹುದು; ಆಮೇಲೆ ಬಿಡುವಾದಾಗ ಹೊರತೆಗೆದು ಕರಗಿಸಿ ಬಿಡಿಸಬಹುದು. ಗಾಜಿನ ನೆಗೆಟಿವ್‌ಗಳಿಗೆ ಮಾತ್ರ ಈ ಉಪಾಯ ಸಲ್ಲದು. ಹಿಂದೆ ಮಸಿಯಲ್ಲಿ ಬರೆದ ಹೆಸರು ಕಂಡರೆ, ನೀರಿಗೆ ಹಾಕುವ ಮುಂಚೆ ಅದನ್ನು ನೋಟುಬುಕ್ಕಿಗೆ ಇಳಿಸಿಕೊಳ್ಳಿ.

ಮೊಬೈಲಿನಲ್ಲಿ ತೆಗೆದಿಟ್ಟೆವಲ್ಲ, ಇನ್ನೇಕೆ ಈ ಸಾಹಸ ಎಂದು ಮಕ್ಕಳು ನಗಬಹುದು. ಮೊಬೈಲ್ ಬೇಕು, ನಿಜ. ಮುಂಬದಿ ಒಂದು, ಹಿಂಬದಿ ಒಂದು, ಹೀಗೆ ಎರಡು ಚಿತ್ರ ತೆಗೆಯಿರಿ. ಕಿಟಕಿಯ ಬೆಳಕಿನಲ್ಲಿ ತೆಗೆದರೆ ಹೊಳಪು ಬೀಳುವುದಿಲ್ಲ. ಚಿತ್ರದ ಫೈಲಿಗೆ ಹೆಸರು ಕೊಡಿಸಿ. ಆದರೆ ವಾಟ್ಸಾಪಿನಲ್ಲಿ ಸಾದಾ ಫೋಟೋದಂತೆ ಕಳಿಸಿದರೆ ಚಿತ್ರ ಕಿರಿದಾಗುತ್ತದೆ, ಫೈಲಿನ ಹೆಸರೂ ಬದಲಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ. ದೂರದ ಊರಲ್ಲಿರುವ ಮಕ್ಕಳಿಗೆ ಇದು ಕಲಿಸಬೇಕಾದದ್ದಿಲ್ಲ, ನಾವು ಹೇಳಿ ಮಾಡಿಸಬೇಕಷ್ಟೆ. ಅನುಷಾ ಯಾದವ್ ಎಂಬ ಮಹಿಳೆ 2010ರಲ್ಲಿ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ದೇಶದ ಮನೆಮನೆಗಳ ಹಳೇ ಫೋಟೋಗಳನ್ನೂ ಅವುಗಳ ಹಿಂದಿನ ಕತೆಗಳನ್ನೂ ಅಂತರ್ಜಾಲದಲ್ಲಿ ಕೂಡಿಹಾಕಲು ಶುರು ಮಾಡಿದರು. ಅಂಥ ಕಡೆ ಕೊಡಬೇಕೆಂದರೂ ಮೊದಲು ಕೇಳುವುದು ಹೆಸರು, ಊರು, ವರ್ಷವನ್ನೇ.

ಎಷ್ಟು ಕೇಳಿದರೂ ಗುರುತು ಸಿಗದ ಮುಖಗಳು ಕೆಲವು ಉಳಿದೇ ಉಳಿಯುತ್ತವೆ. ಊಹಿಸಿ ಯಾರದೋ ಹೆಸರು ಬರೆಯಬೇಡಿ. ತಪ್ಪು ಹೆಸರು ಒಮ್ಮೆ ಬಿದ್ದರೆ ಮುಂದಿನವರು ಅದನ್ನೇ ನಿಜವೆಂದುಕೊಳ್ಳುತ್ತಾರೆ. ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ, ಕಂಡದ್ದನ್ನು ಬರೆಯಿರಿ: "ಇಳಕಲ್ಲ ಸೀರೆ, ಕೈಯಲ್ಲಿ ಕೂಸು, ಮೀರಜ ಸ್ಟುಡಿಯೋ ಮುದ್ರೆ, ತವರಿನ ಟ್ರಂಕಿನಲ್ಲಿ ಸಿಕ್ಕಿದ್ದು." ಇಂಥವುಗಳ ಪ್ರತಿ ತೆಗೆಸಿ ಒಂದು ಲಕೋಟೆಯಲ್ಲಿ ಹಾಕಿಟ್ಟುಕೊಳ್ಳಿ. ಮೂಲ ಮನೆಯಲ್ಲೇ ಇರಲಿ. ಮದುವೆಗೋ ಕುಬಸಕ್ಕೋ ಮೀರಜ, ಸಾಂಗಲಿ, ಕೊಲ್ಲಾಪುರದ ಬೀಗರ ಮನೆಗೆ ಹೋಗುವಾಗ ಆ ಲಕೋಟೆ ಚೀಲದಲ್ಲಿರಲಿ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತ ಮುದುಕಿಯರ ಮುಂದೆ ಒಂದೊಂದೇ ಹರವಿ ಕೇಳಿ.